ಪುಟ್ಟಮಲ್ಲಮ್ಮ ಬರೆಯದೆ ಬಿಟ್ಟ ಎರಡು ದಿನ

ಹದಿನಾಲ್ಕು ವರ್ಷ ನಾನು ಕೊಳ್ಳೇಗಾಲದಲ್ಲಿ ಒಂದು ವಾಚನಾಲಯ ನೋಡಿಕೊಂಡಿದ್ದೆ. ಊರಿನ ನಾಲ್ಕಾರು ರೇಷ್ಮೆ ವರ್ತಕರು ಸೇರಿ ನಡೆಸುತ್ತಿದ್ದ ಎರಡು ಕೋಣೆಯ ಜಾಗ ಅದು. ಮುಂದಿನ ಕೋಣೆಯಲ್ಲಿ ಪತ್ರಿಕೆಗಳು, ಹಿಂದಿನ ಕೋಣೆಯಲ್ಲಿ ಒಂಬತ್ತು ಬೀರು ಪುಸ್ತಕ. ಆ ಕೆಲಸಕ್ಕೆ ಸೇರುವ ಮೊದಲು ನಾನು ಜನರನ್ನು ನಂಬುತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಸೇರಿದ ಮೇಲಂತೂ ನಂಬಲಿಲ್ಲ. ಪದಬಂಧದ ಪುಟವನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗುವವರು, ಪಂಚೆಯೊಳಗೆ ಪತ್ತೇದಾರಿ ಕಾದಂಬರಿ ಸಿಕ್ಕಿಸಿಕೊಳ್ಳುವವರು, ತೆಗೆದುಕೊಂಡು ಹೋದ ಪುಸ್ತಕವನ್ನು ತೆಗೆದುಕೊಂಡೇ ಇಲ್ಲ ಎಂದು ಸಾಧಿಸುವವರು, ಎಲ್ಲರನ್ನೂ ಕಂಡೆ. ಯಾರಾದರೂ ಒಂದೇ ಬೀರುವಿನ ಮುಂದೆ ತುಂಬ ಹೊತ್ತು ನಿಂತರೆ ನನ್ನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

1968ರ ಬೇಸಿಗೆಯಲ್ಲಿ ಒಂದು ಪುಸ್ತಕದ ವಿಷಯದಲ್ಲಿ ನನಗೆ ಅನುಮಾನ ಹುಟ್ಟಿತು. ಹಿಮದ ಬೆಟ್ಟದಲ್ಲಿ ದಾರಿ ತಪ್ಪಿ, ಇಪ್ಪತ್ತು ದಿನ ಒಬ್ಬನೇ ಬದುಕಿ ಬಂದ ಹೊರದೇಶದವನೊಬ್ಬ ಬರೆದದ್ದು. ಯಾರೋ ಕನ್ನಡಕ್ಕೆ ಮಾಡಿದ್ದರು. ಆಗ ಅಂಥ ಪುಸ್ತಕಗಳು ಬರತೊಡಗಿದ್ದವು. ಆಪತ್ತಿನಿಂದ ಪಾರಾದವರ ಅನುಭವ, ನಿಮ್ಮ ಬದುಕನ್ನು ನೀವೇ ಬದಲಿಸಿಕೊಳ್ಳಿ ಎನ್ನುವಂಥವು, ಸೋತವನು ಮತ್ತೆ ದಾರಿಗೆ ಬರುವುದು ಹೇಗೆಂದು ತಿಳಿಸುವಂಥವು. ನಮ್ಮಲ್ಲಿ ಅವನ್ನು ಕೇಳುವವರೇ ಇರಲಿಲ್ಲ. ಹಾಗಿದ್ದೂ ಶನಿವಾರ ಬೀಗ ಹಾಕುವಾಗ ನೋಡಿದರೆ ಈ ಹಿಮದ ಪುಸ್ತಕದ ಜಾಗ ಖಾಲಿ. ಸೋಮವಾರ ಸಂಜೆ ನೋಡಿದರೆ ಮತ್ತೆ ಅಲ್ಲೇ. ರಿಜಿಸ್ಟರಿನಲ್ಲಿ ಯಾರ ರುಜುವೂ ಇಲ್ಲ.

ನನ್ನ ಗುಮಾನಿ ಹೋದದ್ದು ನಿವೃತ್ತ ಮೇಷ್ಟರು ಸಿದ್ದಮಲ್ಲಪ್ಪನವರ ಮೇಲೆ. ದಿನವೂ ಬರುತ್ತಿದ್ದರು, ಎಂಥ ಬಿಸಿಲಲ್ಲೂ ಕೊಡೆ ಬಿಚ್ಚುತ್ತಿರಲಿಲ್ಲ. ಒಂದು ದಿನ ಅವರು ಹೊರಗೆ ಹೋದಾಗ ಆ ಕೊಡೆಯೊಳಗೆ ಕೈ ಹಾಕಿ ನೋಡಿದೆ. ನಶ್ಯದ ಪೊಟ್ಟಣ ಸಿಕ್ಕಿತು. ಮುಂದಿನ ಶನಿವಾರ ಮುಚ್ಚುವ ಹೊತ್ತಿಗೆ ಪತ್ರಿಕೆಗಳ ಸ್ಟ್ಯಾಂಡಿನ ಹಿಂದೆ ಸದ್ದಿಲ್ಲದೆ ನಿಂತೆ. ಕಸ ಗುಡಿಸುವ ಹೆಂಗಸು ಒಳಗಿನ ಕೋಣೆಗೆ ಹೋಗಿ, ಪೊರಕೆ ಗೋಡೆಗೊರಗಿಸಿ, ಬೀರು ತೆರೆದು, ಆ ಪುಸ್ತಕವನ್ನು ಸೆರಗಿನಿಂದ ಒರೆಸಿ ಮಡಿಲಿಗೆ ಹಾಕಿಕೊಂಡಳು.

ಅವಳೇ ಪುಟ್ಟಮಲ್ಲಮ್ಮ. ಆಗ ಇಪ್ಪತ್ತೊಂಬತ್ತರ ವಯಸ್ಸು. ಹಗಲು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬಿಳಿಚಿಕೊಂಡಿರುತ್ತಿದ್ದವು. ಸಂಜೆ ನಮ್ಮಲ್ಲಿ ಗುಡಿಸಿ ಹೋಗುತ್ತಿದ್ದಳು. ಒಂದು ವರ್ಷದಿಂದ ಬರುತ್ತಿದ್ದವಳ ಜೊತೆ ನಾನು ಕಸದ ಮಾತು ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

"ಮಡಿಲಲ್ಲಿ ಏನಿದೆ?" ಎಂದು ಕೇಳಿದೆ.

"ಪುಸ್ತಕ ಸಾ." ಹೆದರಿದ ಹಾಗೆ ಕಾಣಲಿಲ್ಲ.

"ಯಾರಿಗೆ ಕೊಡ್ತಿದ್ದೀಯ ಅದನ್ನ?"

"ಯಾರ್ಗೂ ಇಲ್ಲ. ನಾನೇ ಓದ್ತೀನಿ. ಯಳಂದೂರಲ್ಲಿ ಮೂರ್ನೇ ಕಳಾಸು ಓದಿವ್ನಿ. ಮರ್ತೋಗಿತ್ತು. ಇಲ್ಲಿ ಗುಡುಸ್ತಾ ಗುಡುಸ್ತಾ ನಿಮ್ಮ ಪೇಪರ್ ನೋಡಿ ತಿರ್ಗ ಬಂತು."

ನಂಬದೆ ನಡುವಿನ ಒಂದು ಪುಟ ತೆಗೆದು ಓದಿಸಿದೆ. ತಡವರಿಸುತ್ತ, ಬೆರಳಿಟ್ಟುಕೊಂಡು, ತಪ್ಪಿಲ್ಲದೆ ಓದಿದಳು. ಒಂದೇ ಪುಸ್ತಕವನ್ನು ಎಷ್ಟು ಸಲ ಒಯ್ದಿದ್ದೀಯ ಎಂದು ಕೇಳಿದೆ.

"ಆರ್ ಸಲ. ಈ ಮನ್ಸ ಸುಳ್ಳು ಏಳ್ತಾವ್ನೆ ಸಾ. ಎಲ್ಲೆಲ್ಲಿ ಸುಳ್ಳು ಅಂತ ನೋಡ್ತಾ ಇವ್ನಿ."

"ನಿನಗೆ ಹೇಗೆ ಗೊತ್ತು?"

"ಮೂರ್ನೇ ದಿನ ಅಸಿವು ತಡೀನಾರ್ದೆ ಅಳ್ತಿದ್ದೆ ಅಂತ ಬರ್ದವ್ನೆ. ಮೂರ್ನೇ ದಿನ್ಕೆ ಅಸಿವು ಓಯ್ತದೆ. ಐದ್ನೇ ದಿನ ಬತ್ತದೆ. ಅದು ಬೇರೆ ಥರದ್ದು."

ಪುಸ್ತಕ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಕೂರು ಎಂದು ನಾನು ಹೇಳಲಿಲ್ಲ. ನಿಂತುಕೊಂಡೇ ಅವಳು ನನಗೆ ತನ್ನ ವಿಷಯ ಹೇಳಿದಳು.

ಪುಟ್ಟಮಲ್ಲಮ್ಮ ಹುಟ್ಟಿದ್ದು ಯಳಂದೂರಿನ ಹತ್ತಿರ. ಕೊಳ್ಳೇಗಾಲ ಸೀಮೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ, 1956ರಲ್ಲಿ, ಹದಿನೇಳರ ಹುಡುಗಿಯನ್ನು ಕೌದಳ್ಳಿಯಿಂದ ಎರಡು ಮೈಲಿ ಒಳಗಿನ ಕಾಡಂಚಿನ ಊರಿಗೆ ಕೊಟ್ಟರು. ಗಂಡನ ಹೆಸರು ಜಡೇಸ್ವಾಮಿ. ರಾಗಿ ಹೊಲ, ನಾಲ್ಕು ದನ, ತಾಯಿ ಚಿಕ್ಕಮಾದಮ್ಮ, ಇಷ್ಟೇ ಸಂಸಾರ. ಮಕ್ಕಳಾಗಲಿಲ್ಲ. ಆರು ವರ್ಷ ಕಳೆದರೂ ಆ ಊರಿನವರಿಗೆ ಅವಳು ಮೈಸೂರು ಸೀಮೆಯವಳೇ.

1962ರ ಮಾಘ ಮಾಸದಲ್ಲಿ ಅವಳು ಇತರ ಐದು ಹೆಂಗಸರ ಜೊತೆ ಪೊರಕೆ ಹುಲ್ಲು ಕೊಯ್ಯಲು ಕಾಡಿಗೆ ಹೋದಳು. ಮಧ್ಯಾಹ್ನ ಬಿದಿರು ಮೆಳೆಯ ಕಡೆಯಿಂದ ಆನೆ ಹಿಂಡು ಬಂತು. ಐವರೂ ಬಂದ ದಾರಿಯಲ್ಲೇ ಓಡಿದರು. ಇವಳು ಇಳಿಜಾರಿಗೆ ಓಡಿದಳು. ಸದ್ದೆಲ್ಲ ಅಡಗಿದ ಮೇಲೆ ನೋಡಿದರೆ ಯಾವ ಕಡೆಯಿಂದ ಬಂದದ್ದೆಂದು ಗೊತ್ತಾಗಲಿಲ್ಲ. ಒಣಗಿದ ಹಳ್ಳದ ಮರಳನ್ನು ಕುಡುಗೋಲಿನಲ್ಲಿ ತೋಡಿ ಒರತೆ ನೀರು ಕುಡಿದಳು. ಎಲಚಿ ಹಣ್ಣು, ಬೇಲದ ಹಣ್ಣು, ನೆಲ್ಲಿಕಾಯಿ ತಿಂದಳು. ಎಷ್ಟು ನಡೆದರೂ ಅದೇ ಬಂಡೆಯ ಹತ್ತಿರ ಬರುತ್ತಿದ್ದೇನೆ ಎಂದು ಎರಡನೆಯ ದಿನ ತಿಳಿದ ಮೇಲೆ, ಉಟ್ಟಿದ್ದ ಹಸಿರು ಸೀರೆಯಿಂದ ಚಿಂದಿ ಹರಿದು ಮರಗಳಿಗೆ ಗುರುತು ಕಟ್ಟುತ್ತ ಹೋದಳು. ಒಡೆದ ಕಾಲಿಗೂ ಅದೇ ಸೀರೆ ಹರಿದು ಸುತ್ತಿದಳು. ಹನ್ನೊಂದನೆಯ ದಿನ ಆಡುಗಳ ಕೊರಳ ಗಂಟೆ ಕೇಳಿಸಿತು. ಆ ಸದ್ದಿನ ಹಿಂದೆ ಹೋದರೆ ತಮಿಳು ಮಾತಾಡುವ ಮುದುಕ ಮುದುಕಿಯರ ಆಡಿನ ದೊಡ್ಡಿ. ಮುದುಕಿಯನ್ನು ಅವರ ಮಾತಿನಲ್ಲೇ ಪಾಟಿ, ಅಂದರೆ ಅಜ್ಜಿ, ಎಂದು ಕರೆದಳು. ಪಾಟಿ ಗಂಜಿ ಕೊಟ್ಟಳು, ಉಡಲು ತನ್ನದೊಂದು ಸೀರೆ ಕೊಟ್ಟಳು. ಹದಿನಾಲ್ಕನೆಯ ದಿನ ಮುದುಕ ಅವಳನ್ನು ಬೆಟ್ಟದ ರಸ್ತೆಗೆ ಕರೆತಂದು ಒಂದು ಬಿದಿರಿನ ಲಾರಿ ಹತ್ತಿಸಿದ.

ಊರಿನವರು ಆನೆ ತುಳಿದಿರಬೇಕೆಂದು ತೀರ್ಮಾನಿಸಿ ಹನ್ನೊಂದನೆಯ ದಿನವೇ ತಿಥಿ ಮುಗಿಸಿದ್ದರು. ಸತ್ತವಳು ಕೌದಳ್ಳಿಯ ಟೀ ಅಂಗಡಿ ಮುಂದೆ, ಹತ್ತಾರು ಜನ ನೋಡುತ್ತಿರುವಾಗ, ಬೇರೆ ಸೀರೆ ಉಟ್ಟುಕೊಂಡು ಲಾರಿಯಿಂದ ಇಳಿದಳು. ನಡೆದು ಮನೆಗೆ ಹೋದಾಗ ಜಡೇಸ್ವಾಮಿ ಬಾಗಿಲಲ್ಲಿದ್ದ. ಅವಳ ಮುಖ ನೋಡುವ ಮೊದಲು ಸೀರೆ ನೋಡಿದ.

"ಯಾರ್ದು ಇದು?" ಅಂದ.

ಅದೇ ಅವನ ಮೊದಲ ಮಾತು. ಒಂದು ವಾರದ ಮೇಲೆ ಊರಿನ ನಾಲ್ಕು ಜನ ಅವಳು ಹೇಳಿದ ದೊಡ್ಡಿ ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಮುದುಕ ಮುದುಕಿ ಆಡು ಹೊಡೆದುಕೊಂಡು ಬೇರೆ ಕಡೆ ಹೋಗಿದ್ದರು. ಖಾಲಿ ಬೇಲಿ ಇತ್ತು. ಹೋದವರು ಬಂದು, ಅಲ್ಲಿ ಯಾರೂ ಇಲ್ಲ ಎಂದರು. ಅಷ್ಟು ಸಾಕಾಯಿತು. ಜಡೇಸ್ವಾಮಿ ಅವಳನ್ನು ಹೊರಗೆ ಹಾಕಲಿಲ್ಲ, ಹೊಡೆಯಲಿಲ್ಲ. ಅವಳು ಬಡಿಸಿದ್ದನ್ನು ಉಣ್ಣುವುದು ನಿಲ್ಲಿಸಿದ. ನಾಲ್ಕು ತಿಂಗಳು ಹಾಗೇ ನಡೆಯಿತು. ಆಮೇಲೆ ಅವಳು ಯಳಂದೂರಿಗೆ ಅಣ್ಣನ ಮನೆಗೆ ಹೋದಳು. ಅಲ್ಲಿ ಅತ್ತಿಗೆ, ನೀರಿಗೆ ಹೋದರೂ ಇವಳ ಹಿಂದೆ ಯಾರನ್ನಾದರೂ ಕಳಿಸುತ್ತಿದ್ದಳು. ಎರಡು ವರ್ಷದ ಮೇಲೆ ಕೊಳ್ಳೇಗಾಲಕ್ಕೆ ಬಂದು ನೂಲಿನ ಕೆಲಸ ಹಿಡಿದಳು.

ಹೇಳಿ ಮುಗಿಸಿ, ಪುಸ್ತಕ ಬೀರುವಿಗಿಟ್ಟು ಹೋದಳು. ನಾನು ನಂಬಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಪುಸ್ತಕ ಒಯ್ದು ಸಿಕ್ಕಿಬಿದ್ದವಳು, ಪುಸ್ತಕದಲ್ಲಿ ಇದ್ದದ್ದನ್ನೇ ತನ್ನ ಕಥೆ ಮಾಡಿಕೊಂಡಿರಬಹುದು ಅಂದುಕೊಂಡೆ. ಮುಂದಿನ ತಿಂಗಳು ಹನೂರಿನಲ್ಲಿ ನೆಂಟರ ಮದುವೆ ಇತ್ತು. ಊಟ ಮುಗಿಸಿ, ಯಾರಿಗೂ ಹೇಳದೆ ಕೌದಳ್ಳಿ ಬಸ್ಸು ಹತ್ತಿದೆ.

ಟೀ ಅಂಗಡಿಯಲ್ಲಿ ಸುಮ್ಮನೆ ಮಾತು ತೆಗೆದೆ. ಅಂಗಡಿಯವನು, ಅವಳು ಬಿದಿರು ಲಾರಿ ಡ್ರೈವರ್ ಜೊತೆ ಹೋಗಿದ್ದಳು ಅಂದ. ಪಕ್ಕದ ಬೆಂಚಿನವನು, ಡ್ರೈವರ್ ಅಲ್ಲ ಬಳೆ ಮಾರುವವನು ಅಂದ. ಮೂರನೆಯವನು ಬೀಡಿ ಕೆಡಿಸಿ, "ದೊಡ್ಡೋರ ಇಸ್ಯ, ನಮ್ಗ್ಯಾಕೆ ಬುಡಿ" ಅಂದ. ಬಂಡಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬನನ್ನು ತೋರಿಸಿ ಅವನೇ ಜಡೇಸ್ವಾಮಿ ಅಂದರು. ಮತ್ತೆ ಮದುವೆಯಾಗಿ ಎರಡು ಮಕ್ಕಳಿದ್ದವು. ಮೂರು ಜನ ಮೂರು ಥರ ಹೇಳಿದರೆ ಮೂರೂ ಸುಳ್ಳಿರಬಹುದು ಎಂದು ನನಗೆ ಹೊಳೆಯಲಿಲ್ಲ. ಇಷ್ಟು ಜನ ಹೇಳುತ್ತಾರೆಂದರೆ ಏನೋ ಇದ್ದೇ ಇದೆ ಅಂದುಕೊಂಡು ವಾಪಸು ಬಂದೆ. ಬಂದ ಮಾರನೆಯ ದಿನ ಒಂಬತ್ತೂ ಬೀರುಗಳಿಗೆ ಬೀಗ ಹಾಕಿಸಿದೆ.

ಅವಳು ಬೀಗ ನೋಡಿದಳು. ಎರಡು ವಾರ ಬಂದು ಗುಡಿಸಿ ಹೋದಳು. ಒಂದು ಸಂಜೆ ಕಸ ತುಂಬಿಕೊಂಡು ಹೊಸ್ತಿಲ ಹತ್ತಿರ ನಿಂತು ಕೇಳಿದಳು.

"ಕೌದಳ್ಳಿಗೆ ಓಗಿದ್ರಂತೆ."

"ಯಾರು ಹೇಳಿದ್ದು?"

"ಬಸ್ ಕಂಡಕ್ಟ್ರು ಆ ಕಡೆಯೋನು." ಕಸದ ಬುಟ್ಟಿ ಕೆಳಗಿಟ್ಟು, "ಒಂದ್ ಮಾತು ಕೇಳ್ಲಾ ಸಾ? ಆ ಹಿಮದ ಮನ್ಸ ವಾಪಸ್ ಬಂದಾಗ ಬೇರೆ ಬಟ್ಟೆ ಆಕಂಡಿದ್ದ. ನೂರಾ ಹನ್ನೆರಡ್ನೇ ಪುಟದಲ್ಲಿ ಅದೆ. ಅವ್ನ ಎಂಡ್ತಿ ಇದ್ಯಾರ್ದು ಅಂತ ಕೇಳ್ದಂಗೆ ಕಾಣ್ನಿಲ್ಲ. ನಿಮ್ಮಂಗೆ ಯಾರಾರ ಅವ್ನ ಊರ್ಗೆ ಓಗಿ ಇಚಾರ್ಸಿದ್ರಾ?" ಅಂದಳು.

ಅವಳು ಹೋದ ಮೇಲೆ ಬೀಗ ತೆಗೆದು ನೂರ ಹನ್ನೆರಡನೆಯ ಪುಟ ನೋಡಿದೆ. ದಯಾಳುಗಳು ಹೊಸ ಉಡುಪು ತೊಡಿಸಿದರು ಎಂದಿತ್ತು. ಆ ಪುಸ್ತಕ ಬಂದಾಗ ನಾನೇ ಓದಿ ಬೀರುವಿಗಿಟ್ಟಿದ್ದೆ. ಆ ಸಾಲಿನಲ್ಲಿ ಒಂದು ಗಳಿಗೆಯೂ ನಿಂತಿರಲಿಲ್ಲ.

ಮಾರನೆಯ ದಿನ ಅವಳ ಹೆಸರು ರಿಜಿಸ್ಟರಿನಲ್ಲಿ ಬರೆಸಿಕೊಂಡು, ಬೇಕಾದ ಪುಸ್ತಕ ಒಯ್ಯಿ ಎಂದೆ. ಬದುಕು ಬದಲಿಸುವ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಒಯ್ದಳು. ಆ ಬರೆದವರನ್ನು ಅವಳು ಸುಲಭವಾಗಿ ನಂಬುತ್ತಿರಲಿಲ್ಲ. "ಬೆಳಿಗ್ಗೆ ಎದ್ದು ಕನ್ನಡೀಲಿ ಮುಖ ನೋಡ್ಕಂಡು ನಗು ಅಂತಾನೆ. ನಮ್ಮ ಕೋಣೇಲಿ ಕನ್ನಡಿ ಇಲ್ಲ" ಎಂದು ಒಂದನ್ನು ವಾಪಸು ಕೊಟ್ಟಳು. ಇನ್ನೊಂದರ ಬಗ್ಗೆ, "ಇವ್ನು ಯಾವತ್ತೂ ದಾರಿ ತಪ್ಪಿದೋನಲ್ಲ ಸಾ, ನಿಂತಲ್ಲೇ ನಿಂತ್ಕಂಡು ಬೇರೆಯೋರ್ಗೆ ದಾರಿ ತೋರಿಸ್ತಾವ್ನೆ" ಅಂದಳು. ಒಂದು ಪುಸ್ತಕದಲ್ಲಿ ಮಾತ್ರ, ಪಟ್ಟ ಕಷ್ಟವನ್ನು ದಿನವಾರು ಬರೆದಿಡಿ ಎಂಬ ಸಲಹೆ ಇತ್ತಂತೆ. ಅದು ಅವಳಿಗೆ ಹಿಡಿಸಿತು. ಇನ್ನೂರು ಪುಟದ ಎರಡು ನೋಟ್‌ಬುಕ್ ಕೊಂಡಳು.

ಸಂಜೆ ಗುಡಿಸಿದ ಮೇಲೆ ಮುಂದಿನ ಕೋಣೆಯ ಮೂಲೆಯಲ್ಲಿ ಕೂತು ಅರ್ಧ ಗಂಟೆ ಬರೆಯುತ್ತಿದ್ದಳು. ತಿದ್ದಿಕೊಡಲೇ ಎಂದು ಕೇಳಿದರೆ ನೋಟ್‌ಬುಕ್ ಮುಚ್ಚುತ್ತಿದ್ದಳು. ನಾನು ಅವಳನ್ನು ಎಷ್ಟು ನಂಬಿದ್ದೆನೋ ಅವಳೂ ನ‌ನ್ನನ್ನು ಅಷ್ಟೇ ನಂಬಿದ್ದಳು. ಎರಡು ವರ್ಷದ ಮೇಲೆ, 1970ರ ಮಳೆಗಾಲದಲ್ಲಿ, ಎರಡೂ ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟಳು.

ಒಂದೇ ಸಲಕ್ಕೆ ಓದಿ ಮುಗಿಸಿದೆ. ಶಾಲೆಯ ಮಕ್ಕಳು ಬರೆದ ಹಾಗೆ ಚಿಕ್ಕ ಚಿಕ್ಕ ವಾಕ್ಯ. ಒಂದು ಕಡೆ ಹೀಗಿತ್ತು:

"ನಾಲ್ಕನೆಯ ದಿನ. ಬಿಸಿಲು ಏರಿದ ಮೇಲೆ ಮೇಲಿನ ದಿಬ್ಬದಿಂದ ನನ್ನ ಹೆಸರು ಕೇಳಿಸಿತು. ಅದು ನಮ್ಮ ಯಜಮಾನರ ಧ್ವನಿ. ನಾನು ಕೂಗಿದೆ. ಅವರು ಸುಮ್ಮನಾದರು. ಮತ್ತೆ ಕೂಗಿದೆ. ಕಲ್ಲು ಉರುಳಿದ ಸದ್ದು ಬಂತು. ಅವರು ಹೋದರು. ಐದನೆಯ ದಿನ. ದಿಬ್ಬದ ಮೇಲೆ ಬೂರುಗದ ಮರಕ್ಕೆ ನಾನು ಕಟ್ಟಿದ್ದ ಚಿಂದಿ ಇರಲಿಲ್ಲ. ಆದ್ದರಿಂದ ಮತ್ತೆ ದಾರಿ ತಪ್ಪಿದೆ."

ಇದನ್ನು ಅವಳು ನನಗೆ ಮೊದಲು ಹೇಳಿರಲಿಲ್ಲ. ಊರಿಗೆ ವಾಪಸು ಬಂದಾಗಲೂ ಯಾರಿಗೂ ಹೇಳಿರಲಿಲ್ಲವಂತೆ. ಬಿಟ್ಟ ಗಂಡನ ಮೇಲಿನ ಸೇಡಿಗೆ ಈಗ ಹುಟ್ಟಿಸಿದ್ದಿರಬಹುದೇ ಎಂದು ನನಗೆ ಸಂಶಯ ಬಂತು. ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ಹನ್ನೊಂದನೆಯ ದಿನ ದೊಡ್ಡಿ ಸೇರಿದ್ದು ಇತ್ತು. ಅದಾದ ಮೇಲೆ ಹದಿನಾಲ್ಕನೆಯ ದಿನ. ನಡುವಿನ ಎರಡು ದಿನ ಇರಲೇ ಇಲ್ಲ.

"ಹನ್ನೆರಡು, ಹದಿಮೂರು ಎಲ್ಲಿ?" ಎಂದು ಕೇಳಿದೆ.

"ಆಗ ಕಾಡಲ್ಲಿ ಇರ್ನಿಲ್ಲ. ದೊಡ್ಡೀಲಿದ್ದೆ."

"ಜ್ವರ ಬಂದಿತ್ತಾ?"

"ಇಲ್ಲ."

"ಮತ್ತೆ ಏನಾಯ್ತು?"

"ಏನೂ ಆಗ್ನಿಲ್ಲ ಸಾ. ಅದು ಪುಸ್ತಕಕ್ಕೆ ಬ್ಯಾಡ."

ಮುಂದೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಆದರೂ ಆ ಬರಹವನ್ನು ಕೈಬಿಡಲು ನನಗೆ ಮನಸ್ಸಾಗಲಿಲ್ಲ. ಮದುವೆ ಕಾಗದ, ದೇವಸ್ಥಾನದ ಕರಪತ್ರ ಅಚ್ಚು ಹಾಕುತ್ತಿದ್ದ ಸದಾಶಿವಪ್ಪನ ಹತ್ತಿರ ಒಯ್ದೆ. ಅವನು ನಾಲ್ಕು ಪುಟ ಓದಿ ಕನ್ನಡಕ ತೆಗೆದ.

"ಗುಡಿಸೋ ಹೆಂಗಸು ಬರೆದದ್ದು ಅಂದ್ರೆ ಯಾರು ನಂಬ್ತಾರೆ ಸ್ವಾಮಿಗಳೇ? ವಾಚನಾಲಯದ ಶಿವರುದ್ರಸ್ವಾಮಿನೇ ಬರೆದು ಅವಳ ಹೆಸರು ಹಾಕಿದ ಅಂತ ನಿಮ್ಮನ್ನೇ ಅಂತಾರೆ."

1972ರಲ್ಲಿ "ದಾರಿ ತಪ್ಪಿದ ದಿನಗಳು" ಎಂಬ ಹೆಸರಿನಲ್ಲಿ ಮುನ್ನೂರು ಪ್ರತಿ ಬಂದವು. ಸದಾಶಿವಪ್ಪ ಹೇಳಿದ ಹಾಗೇ ಆಯಿತು. ವಾಚನಾಲಯಕ್ಕೆ ಬರುತ್ತಿದ್ದವರು ಪುಸ್ತಕ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿ ನಗುತ್ತಿದ್ದರು. ವರ್ತಕರಲ್ಲೊಬ್ಬರು, ಆ ಹೆಂಗಸಿಗೂ ನಿಮಗೂ ಏನು ಪರಿಚಯ ಎಂದು ಕೇಳಿಯೇ ಬಿಟ್ಟರು. ಮನೆಯಲ್ಲಿ ನನ್ನ ಹೆಂಡತಿ ಸೋಮಮ್ಮ ಪುಸ್ತಕ ಪೂರ್ತಿ ಓದಿದಳು.

"ಇದು ನೀವು ಬರೆದದ್ದಾ?"

"ಅಲ್ಲ. ಅವಳೇ ಬರೆದದ್ದು."

"ಹಾಗಾದ್ರೆ ಎರಡು ವರ್ಷ ಸಂಜೆ ಹೊತ್ತು ಅಲ್ಲಿ ಕೂತು ನೀವೇನು ಮಾಡ್ತಿದ್ರಿ?" ಅಂದಳು.

ಏನು ಹೇಳಿದರೂ ಇನ್ನಷ್ಟು ಅನುಮಾನಕ್ಕೆ ದಾರಿಯಾಗುತ್ತದೆ ಎಂಬುದು ಆಗ ನನಗೆ ಗೊತ್ತಾಯಿತು. ಸುಮ್ಮನಾದೆ. ಸುಮ್ಮನಾದದ್ದೂ ತಪ್ಪಾಯಿತು.

ಮರುವರ್ಷ, ಒಂದು ಶುಕ್ರವಾರ ಮಧ್ಯಾಹ್ನ, ಐವತ್ತು ದಾಟಿದ ರೈತನೊಬ್ಬ ವಾಚನಾಲಯದ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ ಎಂದರೆ ಬಾರದೆ, ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಳ್ಳುತ್ತ ಹೊರಗಿಂದಲೇ ಮಾತಾಡಿದ. ಹೆಸರು ಗುರುಮಲ್ಲಪ್ಪ, ಜಡೇಸ್ವಾಮಿಯ ದಾಯಾದಿ. ಹನೂರಿನಲ್ಲಿ ಹೈಸ್ಕೂಲು ಓದುವ ಅವನ ಮಗಳು ಈ ಪುಸ್ತಕವನ್ನು ಮನೆಗೆ ತಂದು ಓದಿ ಹೇಳಿದ್ದಳು.

"ನಾಲ್ಕ್ನೇ ದಿನ ದಿಬ್ಬದ ಮ್ಯಾಲೆ ಇದ್ದೋರು ಇಬ್ರು ಸಾ. ಒಬ್ಬ ಜಡೇಸಾಮಿ. ಇನ್ನೊಬ್ಬ ನಾನು."

ಕುರ್ಚಿ ಹೊರಗೆ ಹಾಕಿಕೊಂಡು ಅವನೆದುರು ಕೂತೆ. ಅವನು ಹೇಳಿದ್ದು ಇಷ್ಟು. ಇಬ್ಬರೂ ಹುಡುಕಲು ಹೋಗಿದ್ದರು. ಜಡೇಸ್ವಾಮಿ ಕೂಗಿದಾಗ ಕೆಳಗಿನಿಂದ ಹೆಣ್ಣಿನ ಧ್ವನಿ ಓಗೊಟ್ಟಿತು. "ಆನೆ ತುಳ್ದು ಸತ್ತವಳು ಕೂಗ್ತಾವ್ಳೆ ಅಂದ್ಕಂಡೋ. ಕಾಡಲ್ಲಿ ಸತ್ತೋರು ಕೂಗುದ್ರೆ ಓಗೊಡ್ಬಾರ್ದು ಅಂತ ನಮ್ಮ ಕಡೆ ನಂಬ್ಕೆ. ಓಡ್ಬಂದ್ವಿ. ಯಾರ್ಗೂ ಏಳ್ಬ್ಯಾಡ ಅಂತ ಅವ್ನು ಆಣೆ ಆಕಿಸ್ಕಂಡ."

ಇವನನ್ನು ಪುಟ್ಟಮಲ್ಲಮ್ಮನೇ ಕಳಿಸಿರಬಹುದೇ ಎಂದು ನನ್ನ ಮನಸ್ಸು ಆಗಲೂ ಕೇಳುತ್ತಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳೋಣ ಎಂದು, ಆ ಚಿಂದಿ ನೋಡಿದ್ದೆಯಾ, ಹೇಗಿತ್ತು ಎಂದೆ.

"ಅಸುರು ಬಟ್ಟೆ. ಗಂಟಿನೊಳಗೆ ಕೆಂಪು ಬಳೆ ಚೂರು ಸಿಕ್ಸಿತ್ತು. ಅದ್ನ ನೋಡಿ ನಂಗೆ ಇನ್ನೂ ಭಯ ಆದ್ದು."

ಅಂದು ಸಂಜೆ ಪುಟ್ಟಮಲ್ಲಮ್ಮ ಬಂದಾಗ ಅವನ ಸುದ್ದಿ ಎತ್ತದೆ ಕೇಳಿದೆ. "ಮರಕ್ಕೆ ಚಿಂದಿ ಕಟ್ಟಿದೆಯಲ್ಲ, ಅದರ ಜೊತೆ ಬೇರೆ ಏನಾದರೂ ಇಟ್ಟಿದ್ದೆಯಾ?"

ಪೊರಕೆ ನಿಂತಿತು. "ಬಳೆ ಚೂರು. ಬಿಸ್ಲಿಗೆ ಮಿಂಚ್ಲಿ, ದೂರ್ದಿಂದ ಕಾಣ್ಲಿ ಅಂತ. ಯಾಕ ಸಾ?"

ಆರು ವರ್ಷ ದಿನಾ ಕಣ್ಣೆದುರು ಇದ್ದವಳನ್ನು ನಂಬಲು ನನಗೆ ಒಂದು ಬಳೆ ಚೂರು ಬೇಕಾಯಿತು. ಗುರುಮಲ್ಲಪ್ಪ ಬಂದದ್ದನ್ನು, ಹೇಳಿದ್ದನ್ನು ತಿಳಿಸಿದೆ. ಅವಳು ನೆಲದ ಮೇಲೆ ಕೂತಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ, ಯೋಚನೆ ಮಾಡುತ್ತಿದ್ದಳು.

"ದೆವ್ವ ಅಂತ ಭಯ ಆಗಿದ್ರೆ ಚಿಂದಿ ಯಾಕೆ ಬಿಚ್ಚುದ್ರು? ಭಯ ಬಿದ್ದೋರು ಗಂಟು ಬಿಚ್ತಾ ನಿಂತ್ಕಳಲ್ಲ" ಅಂದಳು.

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಗುರುಮಲ್ಲಪ್ಪ ಊರಿನವರ ಮುಂದೆ ಎಲ್ಲವನ್ನೂ ಹೇಳುತ್ತೇನೆ, ಅವಳು ಬರಬೇಕು ಎಂದು ಕೇಳಿಕೊಂಡಿದ್ದ. ಅದನ್ನು ತಿಳಿಸಿದಾಗ ಮೊದಲು ಬರುವುದಿಲ್ಲ ಎಂದವಳು, ಚಿಂದಿಯ ಪ್ರಶ್ನೆ ಎದ್ದ ಮೇಲೆ ಬರುತ್ತೇನೆ ಅಂದಳು. ಸೋಮಮ್ಮ ತಾನೂ ಬರುತ್ತೇನೆಂದು ಹೊರಟಳು. ಯಾಕೆ ಎಂದು ನಾನು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಊರಿನ ಅರಳಿಕಟ್ಟೆಯ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದರು. ಚಿಕ್ಕಮಾದಮ್ಮ ತೀರಿಕೊಂಡಿದ್ದಳು. ಜಡೇಸ್ವಾಮಿ ಕಟ್ಟೆಯ ತುದಿಯಲ್ಲಿ ಕೂತಿದ್ದ. ಅವನ ಹೆಂಡತಿ ದೂರದಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. ಗುರುಮಲ್ಲಪ್ಪ ನನಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದ. ಹೆಣ್ಣಿನ ಕೂಗನ್ನು ದೆವ್ವ ಅಂದುಕೊಂಡದ್ದು ತಪ್ಪೇನಲ್ಲ ಎಂದು ಒಂದಿಬ್ಬರು ಹಿರಿಯರು ತಲೆ ಆಡಿಸಿದರು. ಅಷ್ಟಕ್ಕೇ ಮುಗಿದು ಹೋಗುತ್ತಿತ್ತೇನೋ. ಪುಟ್ಟಮಲ್ಲಮ್ಮ ಜಡೇಸ್ವಾಮಿಯ ಕಡೆ ತಿರುಗಿದಳು.

"ಚಿಂದಿ ಬಿಚ್ಚಿದ್ದು ಯಾರು?"

ಅವನು ನೆಲ ನೋಡುತ್ತಿದ್ದ. ಗುರುಮಲ್ಲಪ್ಪ, "ನಾನಲ್ಲ. ನಾನು ಮುಂದೆ ಓಡ್ತಿದ್ದೆ" ಅಂದ.

ಆಗ ಜಡೇಸ್ವಾಮಿ ಮಾತಾಡಿದ. "ನಾನೇ ಬಿಚ್ಚಿದ್ದು. ನೀನೇ ಅಂತ ನಂಗೆ ಗೊತ್ತಾಗಿತ್ತು. ಬಳೆ ನಾನೇ ತಂದುಕೊಟ್ಟಿದ್ದು. ಇವ್ನು ಓಡೋದ. ಆ ಮರದ ಕೆಳಗೆ ಆನೆ ಲದ್ದಿ ಇನ್ನೂ ಬಿಸಿ ಇತ್ತು. ಒಬ್ನೇ ಇಳಿಯಾಕೆ ಧೈರ್ಯ ಬರ್ನಿಲ್ಲ. ಊರ್ಗೆ ಓಗಿ ಚಿಂದಿ ತೋರ್ಸಿ ನಾಳೆ ಜನ ಕರ್ಕಂಡು ಬರೋದ ಅಂತ ಬಿಚ್ಕಂಡೆ. ದಾರೀಲಿ ಬರ್ತಾ, ಎಂಡ್ತಿ ಕೂಗೋದು ಕೇಳಿನೂ ಬುಟ್ಬಂದ ಅಂತಾರೆ ಅಂತ ಅನ್ನಿಸ್ತು. ಬಿಸಾಕ್ಬುಟ್ಟೆ."

ಅವನೇ ಮುಂದುವರಿಸಿದ.

"ನೀನು ಬಂದಾಗ, ಎಲ್ರ ಮುಂದೆ ಆ ಮಾತು ತೆಗಿತೀಯ ಅಂತ ಇತ್ತು ನಂಗೆ. ಅದ್ಕೇ ಮೊದ್ಲು ನಾನೇ ಸೀರೆ ಮಾತು ತೆಗ್ದೆ."

"ನಾನು ಏಳ್ತಿರ್ನಿಲ್ಲ" ಅಂದಳು ಪುಟ್ಟಮಲ್ಲಮ್ಮ.

"ಅದು ನಂಗೆ ಹೆಂಗೆ ಗೊತ್ತಾಗ್ಬೇಕು" ಅಂದ ಅವನು.

ಹಿರಿಯರೊಬ್ಬರು, ಆದದ್ದಾಯಿತು, ಈಗ ಇಬ್ಬರೂ ಕಹಿ ಮರೆತುಬಿಡಿ ಅಂದರು. ಜಡೇಸ್ವಾಮಿಯ ಹೆಂಡತಿ ಎಲ್ಲರಿಗೂ ಪಾನಕ ತಂದಳು. ಪುಟ್ಟಮಲ್ಲಮ್ಮ ಕುಡಿದು, ಲೋಟ ಅವಳ ಕೈಗೇ ಕೊಟ್ಟಳು. ಜನ ಚದುರುತ್ತಿರುವಾಗ ನನ್ನ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ, "ಅದಿರ್ಲಿ ಕಣೆ, ಅಷ್ಟು ದಿನ ಹುಲಿ ಚಿರತೆ ಮುಟ್ನಿಲ್ಲ ಅಂದ್ರೆ ನಂಬದು ಹೆಂಗೆ?" ಎಂದು ಮೆಲ್ಲಗೆ ಹೇಳುತ್ತಿದ್ದಳು. ಪುಟ್ಟಮಲ್ಲಮ್ಮನಿಗೂ ಕೇಳಿಸಿರಬೇಕು. ತಿರುಗಿ ನೋಡದೆ ನಡೆದಳು.

ವಾಪಸು ಬಸ್ಸಿನಲ್ಲಿ ಅವಳು ಸೋಮಮ್ಮನ ಪಕ್ಕ ಕೂತಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಹನೂರು ದಾಟಿದ ಮೇಲೆ ಸೋಮಮ್ಮನೇ ಕೇಳಿದಳು.

"ಆ ಎರಡು ದಿನ ಏನು ಮಾಡಿದೆಯಮ್ಮ? ಹೇಳಬೇಕು ಅನ್ನಿಸಿದರೆ ಹೇಳು."

"ಏನೂ ಮಾಡ್ನಿಲ್ಲಕ್ಕ. ಆಡಿನ ಮರಿ ಮಡಿಲಲ್ಲಿ ಆಕಂಡು ಕುಂತಿದ್ದೆ. ನಡಿಯೋವಷ್ಟು ಕಾಲು ವಾಸಿ ಆಗಿತ್ತು. ಹನ್ನೆರಡ್ನೇ ದಿನ ಬೆಳಿಗ್ಗೇನೇ ತಾತ ಕರ್ಕಂಡೋಯ್ತೀನಿ ಅಂದ. ನಾನೇ ಬ್ಯಾಡ ಅಂದೆ. ನನ್ನ ಕೂಗು ಕೇಳಿನೂ ಬುಟ್ಟೋದೋರ ಮನೆಗೆ ಯಾಕೆ ಓಗ್ಬೇಕು, ಇಲ್ಲೇ ಇದ್ಬುಡ್ಲಾ ಅಂತ ಯೋಚ್ನೆ. ಎರಡು ದಿನ ಅದೇ ಯೋಚ್ನೆ. ಪಾಟಿ ಒಂದ್ ಮಾತೂ ಕೇಳ್ನಿಲ್ಲ. ಇರು ಅನ್ಲೂ ಇಲ್ಲ, ಓಗು ಅನ್ಲೂ ಇಲ್ಲ. ಒತ್ತೊತ್ತಿಗೆ ಗಂಜಿ ಕೊಟ್ಲು."

"ಮತ್ತೆ ಯಾಕೆ ಬಂದೆ?"

"ನಾನು ಸತ್ತೆ ಅಂತ ಅವ್ರು ಅಂದ್ಕಂಡಿರ್ತಾರೆ ಅಂತ ಗೊತ್ತಿತ್ತು. ಬದ್ಕಿವ್ನಿ ಅಂತ ತೋರಿಸ್ಬೇಕು ಅನ್ನಿಸ್ತು. ಸಿಟ್ಗೆ ಬಂದೆ ಅಕ್ಕ. ಆಸೆಗೆ ಬಂದಿದ್ದಲ್ಲ."

ಸೋಮಮ್ಮ ಅವಳ ಕೈ ಹಿಡಿದುಕೊಂಡಳು. ಮನೆಗೆ ಬಂದ ಮೇಲೆ ನನ್ನನ್ನು ಅವಳು ಮತ್ತೆ ಏನೂ ಕೇಳಲಿಲ್ಲ.

ಆ ಎರಡು ದಿನವನ್ನು ಪುಸ್ತಕಕ್ಕೆ ಸೇರಿಸು, ಮತ್ತೆ ಅಚ್ಚು ಹಾಕಿಸೋಣ ಎಂದು ನಾನು ಎರಡು ಮೂರು ಸಲ ಹೇಳಿದೆ. "ಬೇಕು ಅಂತಾನೇ ಉಳ್ಕಂಡಿದ್ದೆ ಅಂತ ನಾನೇ ಬರ್ದ್ರೆ, ನೋಡಿ, ನಾವು ಏಳ್ನಿಲ್ವಾ ಅಂತಾರೆ" ಅಂದಳು. ಕೊನೆಗೆ ಒಂದು ದಿನ ಬೇಸರವಾಗಿ, "ನೀವೇ ಬರ್ಕಳಿ ಸಾ. ಗಂಡ್ಸು ಬರ್ದ್ರೆ ಯಾರೂ ಏನೂ ಕೇಳಲ್ಲ" ಅಂದಳು. ಅವಳ ಆ ಮಾತಿನ ಮೇಲೆ ಇದನ್ನು ಬರೆದಿದ್ದೇನೆ.

1976ರಲ್ಲಿ ಅವಳು ಮಧುವನಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ನೂಲು ಬಿಚ್ಚುವ ಕೆಲಸಕ್ಕೆ ಈಗಲೂ ಹೋಗುತ್ತಾಳೆ. ಭಾನುವಾರ ಮಧ್ಯಾಹ್ನ ಜೊತೆ ಕೆಲಸದ ಹೆಂಗಸರಿಗೆ ಓದು ಬರಹ ಕಲಿಸುತ್ತಾಳೆ; ಒಂಬತ್ತು ಜನ ಬರುತ್ತಾರೆ. ಮೊದಲ ತಿಂಗಳು ಆ ಹೆಂಗಸರ ಗಂಡಂದಿರು, ಒಳಗೆ ಏನು ನಡೆಯುತ್ತದೋ ಎಂದು ಬೀದಿಯ ಆಚೆ ಬೀಡಿ ಸೇದುತ್ತ ನಿಂತಿರುತ್ತಿದ್ದರಂತೆ. ಪುಟ್ಟಮಲ್ಲಮ್ಮ ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಆದರೂ ಇಬ್ಬರು ಹೋಗಲಿಲ್ಲ, ಹೊಸ್ತಿಲ ಹತ್ತಿರಕ್ಕೇ ಬಂದು ಕೂತರು. ಅವರ ಕೈಗೂ ಒಂದೊಂದು ಸ್ಲೇಟು ಕೊಟ್ಟಳು.